ಗಾಲ್ಫ್ ಮೈದಾನದಲ್ಲಿ ಹಕ್ಕಿ ನೋಡುವುದು, ಗೂಡು ಪತ್ತೆ ಹಚ್ಚುವುದು ಹೇಗೆ? ಮೈಸೂರಿನವರಿಗೆ ಒಂದು ಕೈಪಿಡಿ

ಹಕ್ಕಿ ನೋಡಬೇಕು ಅಂದ ಕೂಡಲೇ ಮೈಸೂರಿನವರು ರಂಗನತಿಟ್ಟಿನ ಕಡೆ ಗಾಡಿ ತಿರುಗಿಸುತ್ತಾರೆ. ಅಷ್ಟು ದೂರ ಬೇಡ ಅನ್ನುವವರಿಗೆ ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ ಇವೆ. ಮದ್ದೂರಿನ ಕಡೆಯವರಿಗೆ ಕೊಕ್ಕರೆ ಬೆಳ್ಳೂರು ಇದೆ. ಗಾಲ್ಫ್ ಮೈದಾನ ಮಾತ್ರ ಯಾರ ತಲೆಗೂ ಬರುವುದಿಲ್ಲ. ಅದು ದುಡ್ಡಿರುವವರು ಬೆಳಗ್ಗೆ ಟೋಪಿ ಹಾಕಿಕೊಂಡು ಓಡಾಡುವ ಜಾಗ, ನಮಗೇನು ಕೆಲಸ ಅಂತ ಸುಮ್ನೆ ಬಿಟ್ಟಿರುತ್ತೇವೆ. ಆಡುವವರೂ ಅಷ್ಟೇ, ಚೆಂಡಿನ ಹಿಂದೆ ನಾಲ್ಕು ಗಂಟೆ ನಡೆಯುತ್ತಾರೆ, ಕಾಲ ಬುಡದಲ್ಲಿ ಮೊಟ್ಟೆ ಇದ್ದರೂ ಗೊತ್ತಾಗುವುದಿಲ್ಲ.

ಆದರೆ ಹಕ್ಕಿಯ ಕಣ್ಣಿನಿಂದ ಸ್ವಲ್ಪ ಯೋಚನೆ ಮಾಡಿ. ಏಪ್ರಿಲ್‌ನಲ್ಲಿ ಊರೆಲ್ಲ ಒಣಗಿ ಕೂತಿರುವಾಗ ಇಲ್ಲಿ ಹುಲ್ಲಿಗೆ ದಿನಾ ನೀರು ಬೀಳುತ್ತದೆ. ನೀರು ಬಿದ್ದಲ್ಲಿ ಹುಳು ಮೇಲೆ ಬರುತ್ತದೆ. ಬೇಲಿ ಇರುವುದರಿಂದ ದನ ಕುರಿ ಬರುವುದಿಲ್ಲ, ಭಾನುವಾರದ ಪಿಕ್ನಿಕ್ ಪಾರ್ಟಿಯೂ ಬರುವುದಿಲ್ಲ. ಕತ್ತಲಾದ ಮೇಲೆ ಜನವೇ ಇಲ್ಲ. ಒಂದೇ ಕಾಂಪೌಂಡಿನೊಳಗೆ ಗಿಡ್ಡ ಹುಲ್ಲು, ಉದ್ದ ಹುಲ್ಲು, ಮರಳು, ಹೊಂಡ, ಹಳೇ ಮರ ಎಲ್ಲವೂ ಸಿಗುತ್ತವೆ. ಮೈಸೂರಿನಲ್ಲಂತೂ ಮೈದಾನ ರೇಸ್‌ಕೋರ್ಸಿಗೆ ಸೇರಿಕೊಂಡು, ಚಾಮುಂಡಿ ಬೆಟ್ಟದ ಬುಡದಲ್ಲೇ ಇದೆ. ಬೆಟ್ಟದ ಕುರುಚಲು ಕಾಡಿನ ಹಕ್ಕಿಯೂ ಬರುತ್ತದೆ, ಕಾರಂಜಿ ಕೆರೆಯ ನೀರುಹಕ್ಕಿಯೂ ಬರುತ್ತದೆ. ಇಂಥ ಜಾಗದಲ್ಲಿ ಹಕ್ಕಿ ಇಲ್ಲದಿದ್ದರೇ ಆಶ್ಚರ್ಯ.

ಒಳಗೆ ಹೋಗುವ ಮುಂಚೆ

ಗಾಲ್ಫ್ ಕ್ಲಬ್ ಅಂದರೆ ಸದಸ್ಯರ ಜಾಗ. ಬೇಲಿ ಹಾರಿ ಹೋಗುವ ಯೋಚನೆ ಬೇಡ. ಪರಿಚಯದ ಸದಸ್ಯರಿದ್ದರೆ ಅವರ ಜೊತೆ ಹೋಗಿ. ಇಲ್ಲದಿದ್ದರೆ ಆಫೀಸಿಗೆ ಒಂದು ಪತ್ರ ಬರೆದು ಕೇಳಿ. ಆಟ ಶುರುವಾಗುವ ಮುಂಚೆ ಅಥವಾ ಆಟಕ್ಕೆ ರಜೆ ಇರುವ ದಿನ ಒಂದು ಸುತ್ತು ಬರುತ್ತೇವೆ, ಗ್ರೀನ್ ಮೇಲೆ ಕಾಲಿಡುವುದಿಲ್ಲ ಅಂತ ಸ್ಪಷ್ಟವಾಗಿ ಬರೆದರೆ ಒಪ್ಪುವ ಸಾಧ್ಯತೆ ಜಾಸ್ತಿ. ಗ್ರೀನ್ ಅಂದರೆ ಬಾವುಟ ನೆಟ್ಟಿರುವ, ಚೆಂಡು ಉರುಳಿಸುವ ನುಣ್ಣನೆಯ ಹುಲ್ಲು. ಕ್ಲಬ್‌ನವರಿಗೆ ಅದೇ ಪ್ರಾಣ.

ಆಟ ನಡೆಯುವಾಗ ಹೋದರೆ ಆಡುವವರ ಹಿಂದೆ ಇರಿ, ಮುಂದೆ ಬೇಡ. ಚೆಂಡು ಬರುತ್ತಿದೆ, ಹುಷಾರ್ ಅನ್ನುವುದಕ್ಕೆ "ಫೋರ್" ಅಂತ ಯಾರಾದರೂ ಕೂಗಿದರೆ ತಿರುಗಿ ನೋಡಬೇಡಿ. ತಲೆ ಬಗ್ಗಿಸಿ ಕೈ ಅಡ್ಡ ಇಟ್ಟುಕೊಳ್ಳಿ. ಬೈನಾಕ್ಯುಲರ್ ಕಣ್ಣಿಗಿಟ್ಟುಕೊಂಡು ಫೇರ್‌ವೇ, ಅಂದರೆ ಚೆಂಡು ಹೊಡೆಯುವ ಗಿಡ್ಡ ಹುಲ್ಲಿನ ಪಟ್ಟಿಯ ಮಧ್ಯದಲ್ಲಿ ನಿಲ್ಲುವವರಿಗೆ ಚೆಂಡು ತಾಗಿದರೆ ಅದು ಚೆಂಡಿನ ತಪ್ಪಲ್ಲ.

ಬೈನಾಕ್ಯುಲರ್ 8×42 ಇದ್ದರೆ ಸಾಕು. ಬಟ್ಟೆ ಮಾಸಲು ಬಣ್ಣದ್ದಿರಲಿ. ಕಾಲಿಗೆ ಮಾತ್ರ ಗಟ್ಟಿ ಶೂ ಇರಲೇಬೇಕು, ಚಪ್ಪಲಿ ಬೇಡ. ಉದ್ದ ಹುಲ್ಲಿರುವ ಜಾಗದಲ್ಲಿ, ಅಂದರೆ ಇವರು ರಫ್ ಅನ್ನುವ ಕಡೆ, ಕೊಳಕುಮಂಡಲ ಇರಬಹುದು. ಹಾವಿಗೂ ಅಲ್ಲಿ ಇಲಿ, ಮೊಟ್ಟೆ ಸಿಗುತ್ತವಲ್ಲ.

ಇನ್ನೊಂದು ಮಾತು. ಹೋದ ಕೂಡಲೇ ಆಟಗಾರರ ಚೀಲ ಹೊರುವ ಕ್ಯಾಡಿಗಳನ್ನೂ ಹುಲ್ಲು ಕತ್ತರಿಸುವ ಮಾಲಿಗಳನ್ನೂ ಮಾತಾಡಿಸಿ. ಹಕ್ಕಿಯ ಇಂಗ್ಲಿಷ್ ಹೆಸರು ಅವರಿಗೆ ಬರದೇ ಇರಬಹುದು, ಆದರೆ ಯಾವ ಮರದ ಪೊಟರೆಯಲ್ಲಿ ಏನಿದೆ, ಯಾವ ಮರಳುಗುಂಡಿ ಹತ್ತಿರ ಯಾವುದು ಮೇಲೆ ಬೀಳುತ್ತದೆ ಅನ್ನುವುದು ಪೂರ್ತಿ ಗೊತ್ತಿರುತ್ತದೆ. "ಆ ಕಡೆ ಹೋಗ್ಬೇಡಿ ಕನ ಸಾರ್, ಮೊಟ್ಟೆ ಮಡಗದೆ" ಅಂತ ಒಬ್ಬ ಹಿರಿಯ ಕ್ಯಾಡಿ ಹೇಳಿದ್ದು ಯಾವ ಪುಸ್ತಕಕ್ಕಿಂತಲೂ ಬೇಗ ಕೆಲಸಕ್ಕೆ ಬಂತು.

ಗೂಡು ಹುಡುಕಬೇಡಿ, ಹಕ್ಕಿಯನ್ನು ನೋಡಿ

ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೊಂದೇ. ಪೊದೆ ಸರಿಸಿ, ಹುಲ್ಲು ಕೆದರಿ ಗೂಡು ಹುಡುಕುವವರಿಗೆ ಸಿಗುವುದು ಕಡಿಮೆ, ಅವರು ಹಾಳು ಮಾಡುವುದು ಜಾಸ್ತಿ. ದೂರದಲ್ಲಿ ಒಂದು ಮರದ ನೆರಳಿನಲ್ಲಿ ಕದಲದೆ ಕೂತರೆ ಹಕ್ಕಿ ತಾನೇ ಗೂಡು ತೋರಿಸಿಕೊಡುತ್ತದೆ.

ಮೊದಲು ಅದರ ಕೊಕ್ಕು ನೋಡಿ. ಕೊಕ್ಕಿನಲ್ಲಿ ಕಡ್ಡಿ, ನಾರು, ಗರಿ ಇದ್ದರೆ ಕಟ್ಟುವ ಕೆಲಸ ನಡೆಯುತ್ತಿದೆ ಅಂತ ಅರ್ಥ. ಹುಳು ಹಿಡಿದು ತಿನ್ನದೆ ಹಾಗೇ ಒಂದೇ ದಿಕ್ಕಿಗೆ ಹಾರಿದರೆ ಎಲ್ಲೋ ಮರಿಗಳಿವೆ. ಕೊಕ್ಕಿನಲ್ಲಿ ಬಿಳಿ ಚೀಲದಂಥದ್ದು ಹಿಡಿದು ಹೊರಗೆ ಹಾರಿದರೆ ಅದು ಮರಿಯ ಹಿಕ್ಕೆ. ಎಷ್ಟೋ ಸಣ್ಣ ಹಕ್ಕಿಗಳು ಗೂಡು ಗಲೀಜಾಗದ ಹಾಗೆ ಅದನ್ನು ಎತ್ತಿಕೊಂಡು ಹೋಗಿ ದೂರ ಎಸೆಯುತ್ತವೆ. ಹಕ್ಕಿ ನಿಮ್ಮನ್ನು ನೋಡಿ ಗದ್ದಲ ಎಬ್ಬಿಸಿದರೆ, ಅಥವಾ ಹುಳು ಹಿಡಿದುಕೊಂಡೇ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಕೆಳಗಿಳಿಯಲು ಅನುಮಾನಿಸಿದರೆ, ನೀವು ತೀರಾ ಹತ್ತಿರ ಇದ್ದೀರಿ. ಹಿಂದೆ ಸರಿಯಿರಿ. ಅದು ಇಳಿದ ಜಾಗವನ್ನು ಆಮೇಲೆ ಬೈನಾಕ್ಯುಲರ್‌ನಲ್ಲಿ ನೋಡಿಕೊಂಡರಾಯಿತು.

ಟಿಟ್ಟಿಭ: ಬಯಲಿನಲ್ಲೇ ಮೊಟ್ಟೆ ಇಡುವ ಗಟ್ಟಿಗ

ಗಾಲ್ಫ್ ಮೈದಾನದಲ್ಲಿ ಕಲಿಯಲು ಶುರು ಮಾಡುವುದಾದರೆ ಟಿಟ್ಟಿಭದಿಂದ ಮಾಡಿ. ಉದ್ದ ಹಳದಿ ಕಾಲು, ಕಪ್ಪು ಎದೆ, ಕಣ್ಣಿನ ಮುಂದೆ ಕೆಂಪು ಚರ್ಮ. ಆಕಾಶ ಬಿದ್ದರೆ ತಡೆಯೋಣ ಅಂತ ಕಾಲು ಮೇಲೆ ಮಾಡಿ ಮಲಗುತ್ತದೆ ಅಂತ ಹಳ್ಳಿಯಲ್ಲಿ ಹೇಳುತ್ತಾರಲ್ಲ, ಅದೇ ಹಕ್ಕಿ. ಹಾಗೇನೂ ಮಲಗುವುದಿಲ್ಲ, ಆದರೆ ಅದರ ಗರ್ವ ನೋಡಿದರೆ ಆ ಮಾತು ಯಾಕೆ ಹುಟ್ಟಿತು ಅಂತ ಗೊತ್ತಾಗುತ್ತದೆ.

ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇದರ ಮೊಟ್ಟೆಯ ಕಾಲ. ಗೂಡು ಅನ್ನುವಂಥದ್ದೇನೂ ಇರುವುದಿಲ್ಲ. ನೆಲದಲ್ಲಿ ಅಂಗೈ ಅಗಲದ ಒಂದು ತಗ್ಗು, ಸುತ್ತ ಒಂದಿಷ್ಟು ಸಣ್ಣ ಕಲ್ಲು, ಒಣಗಿದ ಹಿಕ್ಕೆ, ಅಷ್ಟೇ. ಅದರಲ್ಲಿ ಮೂರೋ ನಾಲ್ಕೋ ಮೊಟ್ಟೆ. ಮಾಸಲು ಮಣ್ಣಿನ ಬಣ್ಣ, ಮೇಲೆ ಕಪ್ಪು ಕಲೆಗಳು, ಒಂದು ತುದಿ ಚೂಪು. ನಾಲ್ಕು ಮೊಟ್ಟೆಯ ಚೂಪು ತುದಿಗಳೂ ಮಧ್ಯಕ್ಕೆ ತಿರುಗಿರುತ್ತವೆ. ಹಾಗೆ ಜೋಡಿಸಿದರೆ ಸಣ್ಣ ಜಾಗದಲ್ಲಿ ಒತ್ತಾಗಿ ಕೂತು ಒಂದು ಹಕ್ಕಿಯ ಹೊಟ್ಟೆಯ ಕೆಳಗೆ ಅಚ್ಚುಕಟ್ಟಾಗಿ ಅಡಗುತ್ತವೆ. ಎರಡು ಮಾರು ದೂರದಲ್ಲಿ ನಿಂತು ನೇರವಾಗಿ ನೋಡಿದರೂ ಕಾಣುವುದು ಕಲ್ಲು. ಕಣ್ಣು ಅತ್ತ ಹೊರಳಿಸಿ ಇತ್ತ ತಂದರೆ ಮತ್ತೆ ಕಲ್ಲೇ.

ಹಾಗಾದರೆ ಪತ್ತೆ ಹೇಗೆ? ಹುಲ್ಲು ತೆಳುವಾಗಿ ಮಣ್ಣು ಕಾಣುವ ಅಂಚು, ಆಟಗಾರರ ಪುಟ್ಟ ಗಾಡಿ ಓಡಾಡುವ ದಾರಿಯ ಪಕ್ಕದ ಜಲ್ಲಿ, ಯಾರೂ ಆಡದ ಮೂಲೆ, ಇಂಥ ಕಡೆ ಒಂಟಿ ಟಿಟ್ಟಿಭ ಸುಮ್ಮನೆ ನಿಂತಿದೆಯಾ ನೋಡಿ. ಮೇಯುತ್ತಿಲ್ಲ, ಹಾರುತ್ತಿಲ್ಲ, ನಿಂತಿದೆ ಅಷ್ಟೇ. ಅದು ಕಾವಲಿನ ಹಕ್ಕಿ, ಜೋಡಿ ಎಲ್ಲೋ ಹತ್ತಿರದಲ್ಲಿ ಕಾವಿಗೆ ಕೂತಿರುತ್ತದೆ. ನೀವು ಹತ್ತಿರ ಹೋಗುತ್ತಿದ್ದಂತೆ ಕೂತ ಹಕ್ಕಿ ಸದ್ದಿಲ್ಲದೆ ಎದ್ದು, ತಲೆ ತಗ್ಗಿಸಿಕೊಂಡು ಸ್ವಲ್ಪ ದೂರ ಓಡಿ, ಅಲ್ಲಿಂದ ಹಾರುತ್ತದೆ. ಹಾರಿದ ಜಾಗದಲ್ಲಿ ಮೊಟ್ಟೆ ಇದೆ ಅಂತ ನೀವು ಅಂದುಕೊಳ್ಳಲಿ ಅನ್ನುವುದೇ ಅದರ ಆಸೆ. ಇನ್ನೂ ಹತ್ತಿರ ಹೋದರೆ ಎರಡೂ ಸೇರಿ ಕಿರುಚುತ್ತಾ ತಲೆಯ ಮೇಲೆ ಎರಗುತ್ತವೆ. ಒಂದು ರೆಕ್ಕೆ ಮುರಿದವರ ಹಾಗೆ ನೆಲದ ಮೇಲೆ ಎಳೆದಾಡಿ ನಿಮ್ಮನ್ನು ಬೇರೆ ಕಡೆ ಕರೆದುಕೊಂಡು ಹೋಗುವ ನಾಟಕವೂ ನಡೆಯುತ್ತದೆ. ನಾಟಕ ಶುರುವಾದ ಕೂಡಲೇ ನೀವು ಬಂದ ದಾರಿಯಲ್ಲೇ ವಾಪಸ್ ಹೋಗಿ. ಪಕ್ಕಕ್ಕೆ ತಿರುಗಬೇಡಿ, ತುಳಿಯುವುದು ಆಗಲೇ.

ದೂರ ಹೋಗಿ ಮರದಡಿ ಕೂತುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಹಕ್ಕಿ ನಡೆಯುತ್ತಾ, ನಿಲ್ಲುತ್ತಾ, ಏನೂ ಗೊತ್ತಿಲ್ಲದಂತೆ ಹುಲ್ಲು ಕುಕ್ಕುತ್ತಾ ವಾಪಸ್ ಬರುತ್ತದೆ. ಕಾಲು ಮಡಚಿ, ಹೊಟ್ಟೆ ಅಲ್ಲಾಡಿಸಿ ಸರಿಮಾಡಿಕೊಂಡು ಕೂತ ಜಾಗವೇ ಗೂಡು. ಕಾವು 28ರಿಂದ 30 ದಿನ. ಅಪ್ಪ ಅಮ್ಮ ಇಬ್ಬರೂ ಸರದಿಯಲ್ಲಿ ಕೂರುತ್ತಾರೆ.

ಏಪ್ರಿಲ್ ಮಧ್ಯಾಹ್ನ ನೋಡುವ ಅವಕಾಶ ಸಿಕ್ಕರೆ ಇನ್ನೊಂದು ವಿಷಯ ಗಮನಿಸಿ. ಬಿಸಿಲಿನಲ್ಲಿ ಕಾವು ಅಂದರೆ ಬಿಸಿ ಕೊಡುವುದಲ್ಲ, ಮೊಟ್ಟೆ ಬೇಯದಂತೆ ನೆರಳು ಹಿಡಿಯುವುದು. ಟಿಟ್ಟಿಭ ಹೊಂಡಕ್ಕೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಆ ಒದ್ದೆ ಹೊಟ್ಟೆಯಲ್ಲೇ ಮೊಟ್ಟೆಯ ಮೇಲೆ ಕೂರುತ್ತದೆ. ನೀವು ಫೋಟೋ ಅಂತ ಅಲ್ಲೇ ನಿಂತುಬಿಟ್ಟರೆ ಅದು ವಾಪಸ್ ಬರುವುದಿಲ್ಲ, ಆ ಬಿಸಿಲಿಗೆ ಮೊಟ್ಟೆಯೊಳಗಿನ ಜೀವ ಬಹಳ ಹೊತ್ತು ತಡೆಯುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರ ನಂತರ ನೆಲಗೂಡಿನ ಹತ್ತಿರ ಹೋಗಲೇಬೇಡಿ.

ಕಣ್ಣಿನ ಮುಂದೆ ಕೆಂಪಿನ ಬದಲು ಹಳದಿ ಚರ್ಮ ಇಳಿಬಿದ್ದಿದ್ದರೆ ಅದು ಹಳದಿ ಟಿಟ್ಟಿಭ, ಇನ್ನೂ ಒಣ ನೆಲ ಇಷ್ಟಪಡುವ ಹಕ್ಕಿ. ದೊಡ್ಡ ಹಳದಿ ಕಣ್ಣು ಬಿಟ್ಟುಕೊಂಡು ಪೊದೆಯ ನೆರಳಿನಲ್ಲಿ ಅಲ್ಲಾಡದೆ ಕೂತಿದ್ದರೆ ಕಲ್ಲುಗೊರವ. ಅದೂ ಬರೀ ನೆಲದ ಮೇಲೆ, ಸಾಮಾನ್ಯವಾಗಿ ಎರಡೇ ಮೊಟ್ಟೆ ಇಡುತ್ತದೆ. ಹಗಲು ಎದುರಿಗಿದ್ದರೂ ಕಾಣುವುದಿಲ್ಲ, ಮುಸ್ಸಂಜೆ ಕೂಗಿದಾಗಲೇ ಇಲ್ಲಿದೆ ಅಂತ ಗೊತ್ತಾಗುವುದು.

ಬಂಕರ್‌ನ ಗೋಡೆಯಲ್ಲಿ ತೂತು ಕಂಡರೆ

ಬಂಕರ್ ಅಂದರೆ ಮರಳು ತುಂಬಿದ ಗುಂಡಿ. ಅದರ ಅಂಚಿನ ಮಣ್ಣು ನೆಟ್ಟಗೆ ಗೋಡೆಯಂತೆ ನಿಂತಿದ್ದರೆ ಫೆಬ್ರವರಿ ಕಳೆದ ಮೇಲೆ ಚೆನ್ನಾಗಿ ನೋಡಿ. ಕಳ್ಳಿಪೀರಕ್ಕೆ ಅದು ಸೈಟು ಸಿಕ್ಕಿದಂತೆ. ಹಸಿರು ಮೈ, ಬಾಲದ ಮಧ್ಯೆ ಎರಡು ತಂತಿ ಗರಿ, ತಂತಿಯ ಮೇಲೆ ಕೂತು ನೊಣ ದುಂಬಿ ಹಿಡಿಯುವ ಪುಟ್ಟ ಹಕ್ಕಿ. ಗೂಡು ಕಟ್ಟುವುದಿಲ್ಲ, ಕೊಕ್ಕಿನಿಂದ ಮಣ್ಣು ಅಗೆದು ಕಾಲಿನಿಂದ ಹಿಂದಕ್ಕೆ ಎಸೆದು ಸುರಂಗ ಕೊರೆಯುತ್ತದೆ. ಆ ಸಣ್ಣ ಕೊಕ್ಕಿನಲ್ಲಿ ಒಂದು ಮೀಟರ್‌ಗೂ ಮೀರಿ ಕೊರೆಯುವುದುಂಟು. ತುದಿಯಲ್ಲಿ ಒಂದು ಕೋಣೆ, ಹಾಸಿಗೆ ಏನೂ ಇಲ್ಲ, ಬರೀ ಮಣ್ಣಿನ ಮೇಲೆ ಬೆಳ್ಳಗಿನ ದುಂಡು ಮೊಟ್ಟೆಗಳು. ಕತ್ತಲ ಕೋಣೆಯಲ್ಲಿ ಮೊಟ್ಟೆಗೆ ಬಣ್ಣದ ಮರೆ ಬೇಕಿಲ್ಲ ನೋಡಿ.

ಬಾಯಿ ಹೆಚ್ಚುಕಡಿಮೆ ಗಾಲ್ಫ್ ಚೆಂಡಿನಷ್ಟು ಅಗಲ. ಅದು ಕಳ್ಳಿಪೀರದ್ದೋ ಇಲಿಯದ್ದೋ ಅಂತ ತಿಳಿಯುವುದಕ್ಕೆ ಬಾಯಿಯ ಕೆಳ ಅಂಚು ನೋಡಿ. ಹಕ್ಕಿ ನುಗ್ಗುವಾಗಲೆಲ್ಲ ಎರಡು ಕಾಲೂ ಉಜ್ಜಿ ಉಜ್ಜಿ ಅಲ್ಲಿ ಎರಡು ಸಮಾನಾಂತರ ಗೀರು ಬಿದ್ದಿರುತ್ತದೆ. ಗೀರು ಹೊಸದಾಗಿ, ಕೆಳಗೆ ಹಸಿ ಮಣ್ಣು ಉದುರಿದ್ದರೆ ಒಳಗೆ ಸಂಸಾರ ಇದೆ. ಗೀರಿನ ಅಡ್ಡಲಾಗಿ ಜೇಡ ಬಲೆ ಕಟ್ಟಿದ್ದರೆ ಹಳೇ ಮನೆ. ತೂತು ಇನ್ನೂ ದೊಡ್ಡದಾಗಿ ಹೊಂಡದ ದಂಡೆಯಲ್ಲಿದ್ದರೆ ಅದು ಮಿಂಚುಳ್ಳಿಯದ್ದು, ಅಲ್ಲಿಯೂ ಇದೇ ಜೋಡಿ ಗೀರು ಇರುತ್ತದೆ.

ಕಳ್ಳಿಪೀರದ ಬುದ್ಧಿ ಎಷ್ಟಿದೆ ಅಂದರೆ, ನಿಂತ ಜಾಗದಿಂದ ನಿಮಗೆ ತೂತು ಕಾಣುತ್ತದೋ ಇಲ್ಲವೋ ಅನ್ನುವುದನ್ನೂ ಅದು ಲೆಕ್ಕ ಹಾಕುತ್ತದೆ. ತೂತು ಕಾಣುವ ಕಡೆ ನಿಂತರೆ ಹುಳು ಹಿಡಿದುಕೊಂಡು ತಂತಿಯ ಮೇಲೆ ಕಾಯುತ್ತಾ ಕೂರುತ್ತದೆ, ಒಳಗೆ ಹೋಗುವುದಿಲ್ಲ. ತೂತು ಮರೆಯಾಗುವ ಕಡೆ ನಿಂತರೆ ನೀವು ಅಷ್ಟೇ ದೂರದಲ್ಲಿದ್ದರೂ ಹೆಚ್ಚು ಧೈರ್ಯವಾಗಿ ಹೋಗುತ್ತದೆ. ಇದನ್ನು ನಮ್ಮ ದೇಶದಲ್ಲೇ ಸಂಶೋಧಕರು ಪರೀಕ್ಷೆ ಮಾಡಿ ತೋರಿಸಿದ್ದಾರೆ. ನೀವೂ ಅದರ ಲಾಭ ಪಡೆಯಿರಿ. ಗೋಡೆಗೆ ಎದುರು ನಿಲ್ಲುವ ಬದಲು ಪಕ್ಕಕ್ಕೆ ಹೋಗಿ ಕೂತರೆ ಹಕ್ಕಿ ನೆಮ್ಮದಿಯಾಗಿ ಓಡಾಡುವುದನ್ನು ನೋಡಬಹುದು.

ಮಳೆಗಾಲಕ್ಕೆ ಮುಂಚೆ ಬಂಕರ್ ಅಂಚು ರಿಪೇರಿ ಮಾಡುವ ಪದ್ಧತಿ ಇರುವ ಕಡೆ ಮೇಸ್ತ್ರಿಗೆ ತೂತು ತೋರಿಸಿ ಹೇಳಿಬಿಡಿ. ಜೂನ್ ಕಳೆದ ಮೇಲೆ ಮಾಡಿದರೂ ಅವರ ಕೆಲಸ ನಿಲ್ಲುವುದಿಲ್ಲ.

ಮರ, ಪೊಟರೆ, ಕ್ಲಬ್‌ಹೌಸ್

ಹುಲ್ಲಿನ ಮೇಲೆ ಕೊಕ್ಕು ನೆಟ್ಟು ನೆಟ್ಟು ನಡೆಯುವ ಕಿರೀಟದ ಹಕ್ಕಿ ಚಂದ್ರಮುಕುಟ. ಗಾಲ್ಫ್ ಮೈದಾನ ಇದಕ್ಕೆ ತಟ್ಟೆಯಲ್ಲಿ ಬಡಿಸಿದ ಊಟ. ಗೂಡು ಪೊಟರೆಯಲ್ಲಿ, ಹಳೇ ಗೋಡೆಯ ಸಂದಿನಲ್ಲಿ. ಕಾವಿನ ಕಾಲದಲ್ಲಿ ಹೆಣ್ಣು ಹೊರಗೇ ಬರುವುದಿಲ್ಲ, ಗಂಡೇ ತಂದು ತಿನ್ನಿಸಬೇಕು. ಹಾಗಾಗಿ ಗಂಡು ಹುಳು ಹಿಡಿದು ಎತ್ತ ಹೋಯಿತು ಅಂತ ನೋಡಿದರೆ ಸಾಕು. ಹತ್ತಿರ ಹೋಗುವ ಆಸೆ ಇದ್ದರೆ ಮೂಗು ಮುಚ್ಚಿಕೊಳ್ಳಿ. ತಾಯಿಯ ಬಾಲದ ಬುಡದ ಗ್ರಂಥಿಯಿಂದ ಕೊಳೆತ ಮಾಂಸದ ನಾತದ ದ್ರವ ಬರುತ್ತದೆ, ಶತ್ರು ಹತ್ತಿರ ಬರದಿರಲಿ ಅಂತ. ಇಷ್ಟು ಚೆಂದದ ಹಕ್ಕಿಯ ಮನೆ ಇಷ್ಟು ಗಬ್ಬು.

ಹಾಲಕ್ಕಿಯ ವಿಷಯ ನಿಮಗೇ ಗೊತ್ತು. ಬುಡುಬುಡಿಕೆಯವರು ಬೆಳಗಿನ ಜಾವ ಬಾಗಿಲಿಗೆ ಬಂದು ಶಕುನ ಹೇಳುವುದು ಇದರ ಹೆಸರಲ್ಲೇ. ಮುಷ್ಟಿ ಗಾತ್ರದ ಚುಕ್ಕೆ ಗೂಬೆ. ಹಳೇ ಮಳೆಮರ, ಮಾವು, ಆಲದ ಪೊಟರೆಯಲ್ಲಿ ಹಗಲಿನಲ್ಲೂ ಬಾಗಿಲಲ್ಲಿ ಕೂತು ನಿಮ್ಮನ್ನೇ ನೋಡುತ್ತಿರುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸಂಸಾರದ ಕಾಲ. ಮರದ ಕೆಳಗೆ ಬಿದ್ದ ಹಿಕ್ಕೆ, ಜೀರುಂಡೆಯ ರೆಕ್ಕೆ ಚೂರು, ಕೂದಲಿನ ಉಂಡೆ ನೋಡಿದರೆ ಮೇಲೆ ಯಾರಿದ್ದಾರೆ ಅಂತ ತಿಳಿಯುತ್ತದೆ. ಗಿಳಿ, ಮೈನಾ, ನೀಲಕಂಠ ಇವಕ್ಕೂ ಪೊಟರೆಯೇ ಬೇಕು, ಅದಕ್ಕೆ ಜಗಳ ನಡೆಯುತ್ತಲೇ ಇರುತ್ತದೆ. ಮರಕುಟಿಗ, ಕುಟ್ರ ಹಕ್ಕಿ ಹೊಸದಾಗಿ ಕೊರೆಯುವುದು ಒಣಗಿದ ಕೊಂಬೆಯಲ್ಲಿ. ಒಣಗಿದ್ದೆಲ್ಲ ಕಡಿದು ಚೊಕ್ಕಟ ಮಾಡುವ ಮೈದಾನದಲ್ಲಿ ಈ ಸಾಲೇ ಇರುವುದಿಲ್ಲ. ಆಡುವವರ ತಲೆ ಮೇಲೆ ಬೀಳದ ಕಡೆ ಒಂದೆರಡು ಒಣ ಕೊಂಬೆ ಉಳಿಸಿದರೆ ಏನು ನಷ್ಟ?

ಕ್ಲಬ್‌ಹೌಸ್ ಹತ್ತಿರ ಬೇರೆ ಗುಂಪು. ಕುಂಡದ ಗಿಡದ ದೊಡ್ಡ ಎಲೆ ಹೊಲಿದಿದ್ದರೆ ಸಿಂಪಿಗ. ದೀಪದ ವೈರಿಗೆ ಕಸ ನೇತಾಡಿದಂತೆ ಕಂಡರೆ ಪೊರಕೆ ತರಬೇಡಿ, ಅದು ಜೇಡರ ಬಲೆ ಸುತ್ತಿ ಮಾಡಿದ ಸೂರಕ್ಕಿಯ ಗೂಡು. ಬೇಲಿಯ ಗಿಡದಲ್ಲಿ ಬಟ್ಟಲಿನಂಥದ್ದಿದ್ದರೆ ಪಿಕಳಾರ. ಬಾಲ ಕುಣಿಸುತ್ತಾ ಓಡಾಡುವ ಕಪ್ಪು ಬಿಳಿ ಸಿಪಿಲೆ ಪಂಪ್‌ಹೌಸ್ ಮಾಡಿನ ಸಂದಿಯಲ್ಲೂ ಗೂಡು ಮಾಡುತ್ತದೆ.

ಹೊಂಡದ ದಂಡೆ

ಮಳೆಗಾಲದಲ್ಲಿ ನನಗೆ ಇಷ್ಟವಾದ ಜಾಗ ಇದು. ಗುಳುಮುಳುಕ ಅನ್ನುವ ಪುಟ್ಟ ಹಕ್ಕಿ, ಬಾತುಕೋಳಿ ಮರಿ ಅಂತ ಜನ ಅಂದುಕೊಳ್ಳುತ್ತಾರೆ, ನೀರಿನ ಮೇಲೇ ಕಳೆ ಗುಡ್ಡೆ ಹಾಕಿ ತೇಲುವ ಗೂಡು ಮಾಡುತ್ತದೆ. ಗೂಡು ಬಿಟ್ಟು ಹೋಗುವಾಗ ಕಳೆ ಎಳೆದು ಮೊಟ್ಟೆ ಮುಚ್ಚಿ ಹೋಗುತ್ತದೆ. ಬೆಳ್ಳಗಿದ್ದ ಮೊಟ್ಟೆ ಆ ಕೊಳೆತ ಕಳೆಗೆ ದಿನ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ನೀರಿನ ಮಧ್ಯೆ ಕಸದ ಗುಡ್ಡೆ ಕಂಡರೆ ಕ್ಲೀನ್ ಮಾಡುವ ಮುಂಚೆ ಸ್ವಲ್ಪ ಹೊತ್ತು ಕಾದು ನೋಡಿ. ಮರಿ ಹೊರಬಂದರೆ ಅಮ್ಮನ ಬೆನ್ನೇರಿ ಸವಾರಿ ಮಾಡುತ್ತವೆ.

ಜೊಂಡಿನ ಮರೆಯಲ್ಲಿ ಹುಂಡುಕೋಳಿ ಇರುತ್ತದೆ. ಮಳೆ ಶುರುವಾದ ಮೇಲೆ ರಾತ್ರಿಯೆಲ್ಲ "ಕುರ್ ವ್ವಾಕ್" ಅಂತ ಕೂಗುವುದು ಇದೇ. ನೀರಿನ ಮೇಲೆ ಬಾಗಿದ ಜಾಲಿ, ಈಚಲು, ತೆಂಗು ಇದ್ದರೆ ಗೀಜಗ ನೋಡಿ. ಗಂಡು ಮೊದಲು ಅರ್ಧ ಗೂಡು, ಹೆಲ್ಮೆಟ್ ಆಕಾರಕ್ಕೆ ಮಾತ್ರ ನೇಯುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು, ಎಳೆದು, ಜಗ್ಗಿ ನೋಡುತ್ತದೆ. ಒಪ್ಪಿದರೆ ಗಂಡು ಕೊಳವೆ ಬಾಗಿಲು ಇಳಿಬಿಟ್ಟು ಪೂರ್ತಿ ಮಾಡುತ್ತದೆ, ಒಪ್ಪದಿದ್ದರೆ ಆ ಗೂಡು ಅರ್ಧಕ್ಕೇ ನಿಲ್ಲುತ್ತದೆ. ಒಂದು ಸಂಸಾರ ಶುರುವಾದ ಮೇಲೆ ಗಂಡು ಸುಮ್ನೆ ಕೂರುವುದಿಲ್ಲ, ಪಕ್ಕದಲ್ಲೇ ಎರಡನೇ ಗೂಡಿಗೆ ಪಾಯ ಹಾಕುತ್ತದೆ. ಮಂಡ್ಯದ ಕಡೆ ಇದರ ನಾರೆಲ್ಲ ಕಬ್ಬಿನ ಗರಿ, ಭತ್ತದ ಗರಿಯಿಂದ ಸೀಳಿದ್ದು. ಅರೆಗೂಡಿನ ಒಳಗೋಡೆಗೆ ಹಸಿ ಮಣ್ಣಿನ ಉಂಡೆ ಅಂಟಿಸಿರುವುದು ಬೈನಾಕ್ಯುಲರ್‌ನಲ್ಲಿ ಕಾಣುತ್ತದೆ.

ಹುಲ್ಲು ಕತ್ತರಿಸುವ ಮೆಷಿನ್ ಹೊರಟಾಗ ಹಿಂದೆ ಹಿಂದೆ ಹೋಗುವ ಬಿಳಿ ಗುಂಪು ಗೋವಕ್ಕಿ. ಹಿಂದೆ ಎಮ್ಮೆಯ ಜೊತೆ ಹೋಗುತ್ತಿದ್ದದ್ದು ಈಗ ಮೆಷಿನ್ ಜೊತೆ ಹೋಗುತ್ತದೆ. ಎದ್ದು ಹಾರುವ ಮಿಡತೆ ಸಿಕ್ಕರಾಯಿತು.

ಯಾವಾಗ ಏನು ಸಿಗಬಹುದು

ದಸರಾ ಹತ್ತಿರ ಬಂದಂತೆ ವಲಸೆ ಹಕ್ಕಿ ಇಳಿಯುತ್ತವೆ. ಆ ದಿನಗಳಲ್ಲಿ ಬಿದ್ದ ಎಲೆಯ ನಡುವೆ ಬಣ್ಣದ ಮುದ್ದೆಯೊಂದು ಕುಪ್ಪಳಿಸಿದರೆ ಅದು ನವರಂಗ. ಉತ್ತರದಿಂದ ರಾತ್ರಿ ಹಾರಿ ಬಂದು ದಣಿದು ಎಲ್ಲೆಂದರಲ್ಲಿ ಇಳಿದಿರುತ್ತದೆ, ಕೆಲವೊಮ್ಮೆ ಕಿಟಕಿ ಗಾಜಿಗೂ ಬಡಿಯುತ್ತದೆ. ಚಳಿಗಾಲದಲ್ಲಿ ಬೂದು, ಹಳದಿ ಸಿಪಿಲೆಗಳು ಹುಲ್ಲಿನ ಮೇಲೆ ಸಿಗುತ್ತವೆ. ಬಿಸಿಲೇರಿದ ಮೇಲೆ ತಲೆ ಎತ್ತಿ ನೋಡುವುದನ್ನು ಮರೆಯಬೇಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬೆಟ್ಟದ ಬದಿಯ ಬಿಸಿಗಾಳಿ ಹಿಡಿದು ರೆಕ್ಕೆ ಬಡಿಯದೆ ಸುತ್ತುತ್ತಾ ಏರುತ್ತವೆ. ನಂಜನಗೂಡು ಕಡೆಯ ಹದಿನಾರು ಕೆರೆಗೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತಿನ ಸಾಲು ಕೂಡ ಅದೃಷ್ಟ ಇದ್ದರೆ ಮೇಲೆ ಹಾದು ಹೋಗಬಹುದು.

ಶಿವರಾತ್ರಿಯಿಂದ ಯುಗಾದಿ ದಾಟುವವರೆಗೆ ಪೊಟರೆ, ಸುರಂಗ, ನೆಲಗೂಡು. ಮುಂಗಾರಿಗೆ ಚಾತಕ ಬರುತ್ತದೆ, ಗೀಜಗ ನೇಯುತ್ತದೆ, ನವಿಲು ಕುಣಿಯುತ್ತದೆ. ನವಿಲಿನ ಗೂಡು ಪೊದೆಯೊಳಗೆ ನೆಲದ ಮೇಲೆ. ಕಾವು ಹೆಣ್ಣಿನದೇ, 28 ದಿನದ ಹತ್ತಿರ. ಗಂಡು ಆ ಕಡೆ ತಲೆಯೂ ಹಾಕುವುದಿಲ್ಲ. ಒಂದು ಕಿವಿಮಾತು: ಆಷಾಢ ಶುಕ್ರವಾರ ಬೆಟ್ಟದ ರಸ್ತೆಯ ಕಡೆ ಹಕ್ಕಿ ನೋಡುವ ಯೋಜನೆ ಹಾಕಬೇಡಿ. ಆ ದಿನ ಗಾಡಿ ನಿಲ್ಲಿಸಲೂ ಜಾಗ ಸಿಗುವುದಿಲ್ಲ.

ಗೂಡು ಸಿಕ್ಕಿತು, ಮುಂದೇನು?

ನೆಲಗೂಡಿಗೆ ದೊಡ್ಡ ಶತ್ರು ಗಾಲ್ಫ್ ಚೆಂಡಲ್ಲ, ಹುಲ್ಲು ಕತ್ತರಿಸುವ ಮೆಷಿನ್. ಅದಾದ ಮೇಲೆ ಬೀದಿನಾಯಿ, ಮುಂಗುಸಿ, ಕಾಗೆ. ಹಾಗಾಗಿ ಮೊದಲು ಮಾಲಿಗೆ ಹೇಳಿ. ಗೂಡಿನ ಪಕ್ಕದಲ್ಲೇ ಕೆಂಪು ಬಾವುಟ ನೆಡಬೇಡಿ, ಕಾಗೆಗೆ ಕರೆದು ತೋರಿಸಿದಂತಾಗುತ್ತದೆ. ಆರೇಳು ಹೆಜ್ಜೆ ಆಚೆ ಎರಡು ಕಡೆ ಗಿಡ್ಡ ಗೂಟ ಹೊಡೆದು, ಮಧ್ಯದ ಹುಲ್ಲು ಒಂದು ತಿಂಗಳು ಬಿಡಿ ಅಂದರೆ ಸಾಕು. ಕಾಗೆ ನೋಡುತ್ತಿರುವಾಗ ಗೂಡಿನ ಕಡೆ ಹೋಗಲೂಬೇಡಿ. ಮನುಷ್ಯ ಬಗ್ಗಿ ನೋಡಿದ ಜಾಗದಲ್ಲಿ ಏನೋ ಇದೆ ಅನ್ನುವಷ್ಟು ಲೆಕ್ಕ ಅದಕ್ಕೆ ಬರುತ್ತದೆ.

ಆಟಗಾರರು ತಕರಾರು ಮಾಡಿದರೆ ನಿಯಮ ನಿಮ್ಮ ಕಡೆಗಿದೆ. ಕ್ಲಬ್‌ನ ಕಮಿಟಿ ಒಂದು ಜಾಗವನ್ನು ಗುರುತು ಹಾಕಿ ಇಲ್ಲಿ ಆಡುವಂತಿಲ್ಲ ಅಂತ ಘೋಷಿಸಬಹುದು. ಅಲ್ಲಿ ಬಿದ್ದ ಚೆಂಡನ್ನು ದಂಡವಿಲ್ಲದೆ ಹೊರಗೆ ತಂದು ಆಡಬಹುದು. ಪ್ರಾಣಿ ಪಕ್ಷಿ ನೆಲದಲ್ಲಿ ಕೊರೆದ ತೂತು ಅಡ್ಡ ಬಂದರೂ ಇದೇ ವಿನಾಯಿತಿ. ನಿಂತ ಚೆಂಡನ್ನು ಕಾಗೆ ಕಚ್ಚಿಕೊಂಡು ಹೋಯಿತಾ? ಅದು ನಿಜವಾಗಿ ಕಂಡಿದ್ದರೆ ಮೊದಲಿದ್ದ ಜಾಗದಲ್ಲೇ ಬೇರೆ ಚೆಂಡು ಇಟ್ಟು ಆಡಬಹುದು, ದಂಡ ಇಲ್ಲ. ಜಗಳ ಬೇಡ.

ಕಾನೂನೂ ತಿಳಿದಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ. ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಆ ಮಾತಿನಲ್ಲೇ ಸೇರಿದೆ. ನವಿಲಿಗೆ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲನೇ ಪಟ್ಟಿಯಲ್ಲಿ ಜಾಗ ಇದೆ.

ಟಿಟ್ಟಿಭದ ಮರಿ ಮೊಟ್ಟೆಯೊಡೆದು ಸ್ವಲ್ಪ ಹೊತ್ತಿಗೇ ಓಡಾಡುತ್ತದೆ. ಹೆತ್ತವರು ಕೂಗು ಹಾಕಿದರೆ ಇದ್ದಲ್ಲೇ ಅಂಟಿಕೊಂಡು ಮಲಗಿಬಿಡುತ್ತದೆ. ಅದು ಅನಾಥ ಅಲ್ಲ, ಎತ್ತಿಕೊಂಡು ಮನೆಗೆ ತರಬೇಡಿ. ಗರಿ ಬಂದ ಮೈನಾ, ಪಿಕಳಾರದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೂ ಹಾಗೇ ಬಿಡಿ, ಹಾರುವುದು ಕಲಿಯುತ್ತಿದೆ. ನಾಯಿ ಬರುವ ಜಾಗವಾದರೆ ಹತ್ತಿರದ ಪೊದೆಗೆ ಏರಿಸಿ. ಗರಿ ಇಲ್ಲದ ಮರಿ ಬಿದ್ದಿದ್ದು ಗೂಡು ಕೈಗೆ ಎಟುಕಿದರೆ ವಾಪಸ್ ಇಡಿ, ಮನುಷ್ಯ ಮುಟ್ಟಿದ ಮಾತ್ರಕ್ಕೆ ತಾಯಿ ಬಿಡುವುದಿಲ್ಲ. ಗಾಯ ಆಗಿದ್ದರೆ ರಟ್ಟಿನ ಡಬ್ಬಿಯಲ್ಲಿ ಕತ್ತಲು ಮಾಡಿ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಹಾಲು, ಅನ್ನ ಏನೂ ತುರುಕಬೇಡಿ.

ಫೋಟೋ ತೆಗೆಯುವವರು ಫ್ಲ್ಯಾಶ್, ಡ್ರೋನ್ ಎರಡನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ಗೂಡಿಗೆ ಅಡ್ಡ ಬಂದ ಎಲೆ ಕಿತ್ತು ಫ್ರೇಮ್ ಚೊಕ್ಕ ಮಾಡುವ ಚಾಳಿ ಕೆಲವರಿಗಿದೆ, ಆ ಎಲೆಯೇ ಮರಿಗೆ ನೆರಳು, ಬಿಜ್ಜು ಅನ್ನುವ ಬೇಟೆಹಕ್ಕಿಯ ಕಣ್ಣಿಗೆ ಬೀಳದಂತೆ ಮರೆ. ವಾಟ್ಸಾಪ್ ಗುಂಪಿಗೆ ಹಾಕುವ ಮುಂಚೆ ಲೊಕೇಶನ್ ತೆಗೆದುಹಾಕಿ, ಗೂಡಿನ ಚಿತ್ರವಾದರೆ ಮರಿ ಹಾರಿಹೋದ ಮೇಲೇ ಹಾಕಿ. ಹೂಗುಚ್ಛದ ಪಕ್ಕ ಅಲಂಕಾರಕ್ಕೆ ಅಂತ ಗೀಜಗನ ಖಾಲಿ ಗೂಡು ಕಿತ್ತು ತರುವವರಿಗೂ ಒಂದು ಮಾತು. ಗೀಜಗ ಬಿಟ್ಟುಹೋದ ಗೂಡಿಗೆ ರಾಟವಾಳಗಳು ಬಾಡಿಗೆ ಇಲ್ಲದೆ ಬಂದು ಸೇರಿಕೊಳ್ಳುತ್ತವೆ, ಅದು ನೇತಾಡುತ್ತಿರುವಷ್ಟು ದಿನ ಅಲ್ಲೇ ಇರಲಿ.